ಮೈಲುತುತ್ತದ ನೀಲಿ

ನನ್ನ ತಂಗಿಗೆ ಈಗ ನಲವತ್ತು ವರ್ಷ. ಬುದ್ಧಿ ಬೆಳೆದಿಲ್ಲ, ತಲೆ ಬಾಚಲೂ ಇನ್ನೊಬ್ಬರು ಬೇಕು. ಅವಳು ಹೊಟ್ಟೆಯಲ್ಲಿದ್ದಾಗ ಅಮ್ಮ ಎಸ್ಟೇಟಿನಲ್ಲಿ ಕಾಫಿ ಗಿಡಗಳಿಗೆ ಹೊಡೆಯುವ ಮೈಲುತುತ್ತ ಕಲಸುತ್ತಿದ್ದಳು. ಆ ನೀಲಿಯೇ ಮಗುವಿನ ತಲೆಗೇರಿತೆಂದು ಕೂಲಿ ಲೈನಿನ ಮನೆಗಳವರೆಲ್ಲ ಅಂದರು. ಅಮ್ಮ ನಂಬಿದಳು. ಅಂದಿನಿಂದ ಪ್ರತಿವರ್ಷ ಔಷಧಿ ಹೊಡೆಯುವ ವಾರ ತಂಗಿಯನ್ನು ಕರೆದುಕೊಂಡು ಗೋಣಿಬೀಡಿನ ಚಿಕ್ಕಮ್ಮನ ಮನೆಗೆ ಹೋಗಿಬಿಡುತ್ತಾಳೆ.

ಕಳೆದ ವರ್ಷ ತಂಗಿಯ ರಕ್ತಪರೀಕ್ಷೆ ಮಾಡಿಸಿದೆವು. ಒಂದು ಜೀನಿನಲ್ಲಿ ತಾನಾಗಿಯೇ ಆದ ಬದಲಾವಣೆ, ಯಾರ ತಪ್ಪೂ ಅಲ್ಲ, ಆಗಿನ ಕಾಲದಲ್ಲಿ ಇದು ಗೊತ್ತಾಗುವಂತೆಯೇ ಇರಲಿಲ್ಲ ಎಂದರು ಡಾಕ್ಟರು. ಬಸ್ಸಿನಲ್ಲಿ ಅಮ್ಮನಿಗೆ ಮೂರು ಸಲ ಬಿಡಿಸಿ ಹೇಳಿ ನನಗೇ ಸುಸ್ತಾಯಿತು.

ಈ ವರ್ಷ ಔಷಧಿಯ ಡ್ರಮ್ಮು ತೋಟಕ್ಕೆ ಬಂದ ದಿನ ಅಮ್ಮ ಮತ್ತೆ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಳು. ನನಗೆ ರೇಗಿತು.

"ಅಷ್ಟು ಹೇಳಿದ್ರೂ ಅರ್ಥ ಆಗ್ಲಿಲ್ವಾ ನಿಂಗೆ?"

"ಆಯ್ತು ಮಾರಾಯ್ತಿ," ಎಂದಳು ಜಿಪ್ ಎಳೆಯುತ್ತಾ. "ಡಾಕ್ಟ್ರು ಅಲ್ಲ ಅಂದ್ರು. ನನ್ನಿಂದ್ಲೇ ಹಿಂಗಾಯ್ತು ಅಂದೋರು ಯಾರೂ ಬಂದು ಅಲ್ಲ ಅಂದಿಲ್ಲ. ನಿನ್ನ ನೋಡಕ್ಕೆ ಬಂದೋರು ತಂಗೀನ ಕಂಡು ವಾಪಸ್ ಹೋದ ದಿನ ನೀನೂ ಅದನ್ನೇ ಅಂದಿದ್ದೆ."

ಬಸ್ ಸ್ಟಾಪಿನವರೆಗೆ ಬ್ಯಾಗು ನಾನೇ ಹೊತ್ತೆ. ತಪ್ಪಾಯಿತು ಅನ್ನಲು ಸಾಕಾಗುವಷ್ಟು ದೂರವಿತ್ತು. ಅನ್ನಲಿಲ್ಲ.