ಮಲ್ಲಣ್ಣನ ನೆನಪು, ಮಾದೇವನ ಉಸಿರು

"ಮಲ್ಲಣ್ಣೋ, ನಮ್ಮಣ್ಣನ್ಗ ಯಾವ ಔಸ್ತಿ ಕೊಟ್ಟಿದ್ರಿ? ಬೇಗ ಎಸ್ರ ಏಳಿ, ಡಾಕ್ಟ್ರು ಕೇಳ್ತಾವ್ರ!"

ಸ್ಪೀಕರಿಗೆ ಹಾಕಿದ್ದ ಫೋನಿನಿಂದ ಗಾಬರಿಯ ದನಿ ಬಂತು. ಗಿರಾಕಿಯೊಬ್ಬರಿಗೆ ಬೀಟ್‌ರೂಟ್ ಬೀಜದ ಪ್ಯಾಕೆಟ್ ಎತ್ತಿಕೊಡುತ್ತಿದ್ದ ಮಲ್ಲಣ್ಣ ಹಾಗೇ ನಿಂತರು.

ನಿಮಗೆ ಗೊತ್ತೇ ಇದೆ, ಗಡಿಯಾಚೆ ತಮಿಳುನಾಡಿಗೆ ಸೇರಿದ ತಾಳವಾಡಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಪ್ರಿಂಟ್, ಸ್ಕ್ಯಾನ್, ಆನ್‌ಲೈನ್ ಅರ್ಜಿ. ನಮ್ಮ ಪಕ್ಕದ್ದೇ ಮಲ್ಲಣ್ಣನವರ ಗೊಬ್ಬರ ಮತ್ತು ಔಷಧಿ ಅಂಗಡಿ. ಔಷಧಿ ಎಂದರೆ ಬೆಳೆಗೆ ಹೊಡೆಯುವ ಔಷಧಿ. (ಹುಳ ಸಾಯಿಸುವುದಕ್ಕೂ ಜನ ಬದುಕಿಸುವುದಕ್ಕೂ ನಮ್ಮಲ್ಲಿ ಒಂದೇ ಹೆಸರು!) ಬೆಳಗಿನ ಟೀ ನಾವು ಒಟ್ಟಿಗೇ ತರಿಸಿಕೊಳ್ಳುತ್ತೇವೆ. ಕಳೆದ ವಾರ ಹಾಗೆ ಟೀ ಹಿಡಿದು ಅವರ ಕೌಂಟರ್ ಮುಂದೆ ನಿಂತಿದ್ದಾಗಲೇ ಆ ಫೋನ್ ಬಂದದ್ದು.

ಫೋನ್ ಮಾಡಿದವನು ಪಣಕಹಳ್ಳಿಯ ಸಿದ್ದರಾಜ. ಅವನ ಅಣ್ಣ ಮಾದೇವ ಬೆಳಗ್ಗೆ ಎಲೆಕೋಸಿಗೆ ಔಷಧಿ ಹೊಡೆಯುತ್ತಿದ್ದನಂತೆ. ಬೆನ್ನ ಮೇಲಿನ ಸ್ಪ್ರೇಯರ್ ಸೋರಿ ಅಂಗಿಯೆಲ್ಲ ಒದ್ದೆಯಾಗಿದೆ. ಇನ್ನೇನು ಮುಗೀತಲ್ಲ ಎಂದು ಹಾಗೇ ಹೊಡೆದಿದ್ದಾನೆ. ಸ್ವಲ್ಪ ಹೊತ್ತಿಗೆ ಬಾಯಲ್ಲಿ ನೊರೆ. ಹೊಲದಲ್ಲೇ ಕುಸಿದಿದ್ದಾನೆ. ಸಿದ್ದರಾಜ ಮತ್ತು ಮಾದೇವನ ಹೆಂಡತಿ ಸುಂದ್ರಮ್ಮ ಸಿಕ್ಕ ಗಾಡಿಗೆ ಅವನನ್ನು ಹಾಕಿಕೊಂಡು ಚಾಮರಾಜನಗರದ ಆಸ್ಪತ್ರೆಯೊಂದಕ್ಕೆ ಓಡಿದ್ದಾರೆ. ಔಷಧಿಯ ಡಬ್ಬವನ್ನೂ ಮರೆಯದೆ ಒಯ್ದಿದ್ದಾರೆ. ಆದರೆ ಡಬ್ಬದ ಲೇಬಲ್ ನೆನೆದು ಆಗಲೇ ಕಿತ್ತುಹೋಗಿದೆ.

ಬರೀ ಒಂದು ಬಿಳಿ ಡಬ್ಬ. ಅದನ್ನು ನೋಡಿ ಡಾಕ್ಟರ್ ಏನು ತಾನೇ ಹೇಳಬಲ್ಲರು?

ಮಲ್ಲಣ್ಣ ಕಣ್ಣು ಮಿಟುಕಿಸುವುದರೊಳಗೆ ಒಂದು ಹೆಸರು ಹೇಳಿದರು. "ಅವ್ನು ಕೋಸ್ಗ ಯಾವಾಗ್ಲೂ ಅದ್ನೇ ತಕ್ಕಂಡೋಗದು ಕಣ್ಲಾ. ಗಾಬ್ರಿ ಆಗ್ಬ್ಯಾಡ."

ಸಿದ್ದರಾಜನ ಕೈಯಿಂದ ಡಾಕ್ಟರಮ್ಮ ಫೋನ್ ತೆಗೆದುಕೊಂಡರು. "ಇದು ಖಚಿತಾನಾ?"

"ಖಚಿತ ಕಣಮ್ಮ. ನನ್ ತಲೇಲೇ ಅದ ಎಲ್ಲ."

"ಅದೇ ಆಗಿದ್ರೆ ಅಷ್ಟು ಭಯ ಇಲ್ಲ. ಇಲ್ಲೇ ನೋಡ್ಕೋತೀವಿ. ಆದ್ರೆ ನನಗೆ ಕಾಣ್ತಿರೋ ಲಕ್ಷಣ ಅದಕ್ಕೆ ಸರಿಯಾಗಿ ಹೊಂದ್ತಾ ಇಲ್ಲ. ಬಿಲ್ ಇರುತ್ತಲ್ಲ, ಅದರ ಫೋಟೋ ತಕ್ಷಣ ಈ ನಂಬರಿಗೆ ಕಳಿಸಿ."

ಫೋನ್ ಕಟ್ಟಾಯಿತು.

(ಔಷಧಿಗಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮಲ್ಲಣ್ಣ ಹೇಳಿದ್ದನ್ನು ಸೌಮ್ಯದ್ದು ಎಂದಿಟ್ಟುಕೊಳ್ಳಿ. ಇನ್ನೊಂದು ಬರುತ್ತದೆ. ಅದು ಉಗ್ರ.)

ಮಲ್ಲಣ್ಣ ಟೀ ಲೋಟಕ್ಕೆ ಕೈ ಹಾಕಿದರು. "ಬಿಲ್ ಯಾಕವ್ವ ಈಗ? ಏಳ್ಬುಟ್ಟಿನಲ್ಲ."

"ಹೊಂದ್ತಾ ಇಲ್ಲ ಅಂದ್ರಲ್ಲ ಅಣ್ಣ, ಕೇಳಿಸ್ನಿಲ್ವಾ? ತಗೀರಿ ಬಿಲ್ ಬುಕ್ಕ," ಎಂದೆ.

ಎಲ್ಲಿ ಅಂತ ತೆಗೆಯುವುದು? ಕೌಂಟರಿನ ಕೆಳಗೆ ಒಂದು ಗೊಬ್ಬರದ ಚೀಲ. ಅದರ ತುಂಬ ಬಿಲ್ ಪುಸ್ತಕ. ಅಟ್ಟದ ಮೇಲೆ ಅಂಥವೇ ಇನ್ನಷ್ಟು ಚೀಲ. ಕೆಲವು ಪುಸ್ತಕ ಲೆಕ್ಕ ನೋಡಲು ಆಡಿಟರ್ ಹತ್ತಿರ ಹೋಗಿವೆ. ಅಂದರೆ ಘಾಟಿ ಇಳಿದು ಸತ್ಯಮಂಗಲ. ಯಾವುದು ಹೋಗಿದೆ, ಯಾವುದು ಇಲ್ಲೇ ಇದೆ? ಮಲ್ಲಣ್ಣನವರಿಗೂ ಗೊತ್ತಿಲ್ಲ.

ನಾನು ನೆಲದ ಮೇಲೆ ಚೀಲ ಸುರಿದೆ. ತಮಿಳಿನಲ್ಲಿ ಅಚ್ಚಾದ ಬಿಲ್ಲು, ಒಳಗೆ ಮಲ್ಲಣ್ಣನ ಕನ್ನಡದ ಕೈಬರಹ. ಅಸಲಿ ಪ್ರತಿ ಗಿರಾಕಿಗೆ, ಕಾರ್ಬನ್ ಪ್ರತಿ ಅಂಗಡಿಗೆ. ಹಳೆಯ ಕಾರ್ಬನ್ ಹಾಳೆ, ಸವೆದ ಪೆನ್ನು. ಅಕ್ಷರಗಳು ಮಂಜಿನಲ್ಲಿ ನಿಂತ ಹಾಗೆ ಕಾಣುತ್ತಿದ್ದವು.

"ಮಾದೇವ ಯಾವಾಗ ತಕ್ಕಂಡೋದ ಅಣ್ಣ?"

"ಕೋಸು ನಾಟಿ ಆದ ಮ್ಯಾಲ. ಮೊನ್ನೆ ಮೊನ್ನೆ ಕಣವ್ವ."

ಮೊನ್ನೆ ಮೊನ್ನೆ ಎಂದರೆ ಎಷ್ಟು ಪುಸ್ತಕ? ನಾನೊಂದು ಕಟ್ಟು ಹಿಡಿದೆ, ಅವರೊಂದು ಕಟ್ಟು ಹಿಡಿದರು. ಮೊದಲು ಒಬ್ಬ ಮಾದೇವ ಸಿಕ್ಕ. ಪಣಕಹಳ್ಳಿಯವನೇ. ಆದರೆ ಮೂಲೆಮನೆ ಮಾದೇವ. ನಮಗೆ ಬೇಕಾದವನು ಬಾವಿಮನೆ ಮಾದೇವ. ಮತ್ತೊಬ್ಬ ಮಾದೇವ ಸಿಕ್ಕ, ದೊಡ್ಡಗಾಜನೂರಿನವನು. ನಮ್ಮ ಕಡೆ ಮಾದೇವರಿಗೆ ಬರವೇ? ನಡುವೆ ಯಾರೋ ಬಂದು ಯೂರಿಯಾ ಬಂದಿದೆಯಾ ಎಂದು ಕೇಳಿದರು. ಮಲ್ಲಣ್ಣ ತಲೆಯೆತ್ತದೆ ಕೈ ಬೀಸಿದರು. ಅವರ ಹಣೆಯಲ್ಲಿ ಬೆವರು. ಆ ಬೆಳಗಿನ ಚಳಿಯಲ್ಲಿ ಬೆವರು!

ಒಂದು ಮಾತು ಹೇಳಿಬಿಡುತ್ತೇನೆ. ಮಲ್ಲಣ್ಣ ಬೇಜವಾಬ್ದಾರಿ ಮನುಷ್ಯರಲ್ಲ. ಔಷಧಿ ಕೊಡುವಾಗ ಕೈಗವಸು ಹಾಕ್ಲಾ, ಗಾಳಿ ನೋಡ್ಲಾ ಎಂದು ಹತ್ತು ಸಲ ಹೇಳುವವರು. ಬಿಲ್ಲಿಲ್ಲದೆ ಒಂದು ಪ್ಯಾಕೆಟ್ಟೂ ಅಂಗಡಿಯಿಂದ ಆಚೆ ಹೋಗುವುದಿಲ್ಲ. ಬರೆಯುವುದರಲ್ಲಿ ಅವರು ಚುರುಕು. ಬರೆದದ್ದು ಮತ್ತೆ ಬೇಕಾಗಬಹುದು ಎಂಬುದೊಂದನ್ನು ಮಾತ್ರ ಯೋಚಿಸಿರಲಿಲ್ಲ.

ಕೊನೆಗೆ ನನ್ನ ಕೈಗೇ ಅದು ಸಿಕ್ಕಿತು. ಬಾವಿಮನೆ ಮಾದೇವ, ಪಣಕಹಳ್ಳಿ. ಔಷಧಿಯ ಹೆಸರಿನ ಜಾಗದಲ್ಲಿ ಬರೀ ನೆರಳು. ಬೀದಿಗೆ ಬಂದು ಬಿಸಿಲಿಗೆ ಓರೆಯಾಗಿ ಹಿಡಿದು ಓದಿದೆ.

ಅದು ಸೌಮ್ಯದ ಹೆಸರಲ್ಲ.

"ಅಣ್ಣ, ಇಲ್ಲಿ ಬೇರೆ ಅದ."

ಮಲ್ಲಣ್ಣ ಬಂದು ಇಣುಕಿದರು. ಬಿಲ್ ಪುಸ್ತಕ ಕಿತ್ತುಕೊಂಡು ಇನ್ನೊಮ್ಮೆ ನೋಡಿದರು. ಅವರ ಮುಖದಿಂದ ಬಣ್ಣ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ.

"ಅಯ್ಯೋ ಶಿವ್ನೆ... ಅವತ್ತು ಆ ಔಸ್ತಿ ಮುಗ್ದೋಗಿತ್ತು. ಹುಳ ಜಾಸ್ತಿ ಆಗದ ಅಂತ ಕುಂತ್ಕಬುಟ್ಟ. ಅದ್ಕ ಇದ್ನ ಕೊಟ್ಟಿ. ನಾನೇ ಕೊಟ್ಟಿ ಕಣವ್ವ, ನಾನೇ!"

ಸಿದ್ದರಾಜನ ನಂಬರಿಗೆ ಫೋಟೋ ಕಳಿಸಿದೆ. ಒಂದೇ ಟಿಕ್. ಹೋಗಲಿಲ್ಲ. ಫೋನ್ ಮಾಡಿದೆ. ಸ್ವಿಚ್ ಆಫ್. ಆಸ್ಪತ್ರೆಯ ನಂಬರನ್ನು ನೆಟ್‌ನಲ್ಲಿ ಹುಡುಕಿದೆ. ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

ಅಲ್ಲಿ ಡಾಕ್ಟರಮ್ಮ ಏನಂದುಕೊಂಡಿದ್ದಾರೆ? ಅಷ್ಟು ಭಯವಿಲ್ಲ, ಇಲ್ಲೇ ನೋಡಿಕೊಳ್ಳೋಣ. ಯಾರು ಹೇಳಿದ್ದು? ಅಂಗಡಿಯವರೇ. ಅಂಗಡಿಯವರ ಮಾತನ್ನು ಯಾಕೆ ನಂಬಬಾರದು?

ಮಲ್ಲಣ್ಣ ಬಿಲ್ ಪುಸ್ತಕವನ್ನು ಅಂಗಿಯೊಳಗೆ ತುರುಕಿಕೊಂಡು ಬೈಕ್ ಹತ್ತಿದರು. "ನೀನು ಫೋನ್ ಮಾಡ್ತಾನೇ ಇರವ್ವ. ಸಿಕ್ದಿದ್ರ ನಾನೇ ಓಗಿ ಏಳ್ತಿನಿ."

"ಅಷ್ಟೊತ್ತಿಗೆ..." ಎಂದು ಬಾಯಿ ತೆರೆದವಳು ಮುಚ್ಚಿಕೊಂಡೆ. ಮಾತು ಮುಗಿಸಿ ಪ್ರಯೋಜನವೇನಿತ್ತು? ಬೈಕು ಆಗಲೇ ಬಸ್ ಸ್ಟ್ಯಾಂಡ್ ದಾಟಿತ್ತು.

ಆಗ ಹೊಳೆಯಿತು. ಜೊತೆಗೆ ಸುಂದ್ರಮ್ಮನೂ ಹೋಗಿದ್ದಾಳಲ್ಲ? ಅವಳ ಹತ್ತಿರವೂ ಒಂದು ಸಣ್ಣ ಫೋನಿದೆ. ಹಿಂದೆ ಯಾವಾಗಲೋ ರೇಷನ್ ಕಾರ್ಡಿನ ಅರ್ಜಿಗೆ ಅವಳು ನನ್ನ ಅಂಗಡಿಗೆ ಬಂದಿದ್ದಳು. ನಾನು ಓಡಿ ಕಂಪ್ಯೂಟರ್ ಮುಂದೆ ಕೂತೆ. ಸುಂದ್ರಮ್ಮ, ಪಣಕಹಳ್ಳಿ ಎಂದು ಟೈಪ್ ಮಾಡಿದೆ. ಎಂಟರ್.

ಬಂತು. ಅವಳ ಅರ್ಜಿ, ಅವಳ ಮುಖ, ಕೆಳಗೆ ಅವಳ ಫೋನ್ ನಂಬರು. ಸೀರೆಯ ಸೆರಗಿನಲ್ಲಿ ನಾನು ಮುಖ ಒರೆಸಿಕೊಳ್ಳುವಷ್ಟೂ ಹೊತ್ತಾಗಲಿಲ್ಲ. ಆ ನಂಬರಿಗೆ ಫೋನ್ ಮಾಡಿದೆ.

"ಸುಂದ್ರಿ, ಫೋನ ಡಾಕ್ಟ್ರಿಗ ಕೊಡು."

"ಅಕ್ಕ, ಯಾರಕ್ಕ? ಇವ್ರು ಕಣ್ಣೇ ಬುಡ್ತಿಲ್ಲ ಕಣಕ್ಕ..."

"ಅಳ್ಬ್ಯಾಡ ಕಣವ್ವ, ಆಮೇಲ್ ಅಳು. ಓಡು! ಡಾಕ್ಟ್ರಿಗ ಕೊಡು!"

ಚಪ್ಪಲಿಯ ಸದ್ದು. ಯಾರೋ ಒಳಗೆ ಬರಬೇಡಿ ಎಂದು ಗದರಿದ ಸದ್ದು. ಆಮೇಲೆ ಆ ಡಾಕ್ಟರಮ್ಮನ ದನಿ. ನಾನು ಉಗ್ರದ ಹೆಸರು ಹೇಳಿದೆ. ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ.

"ಇದು ಬಿಲ್ ನೋಡಿ ಹೇಳ್ತಿದೀರಾ, ನೆನಪಿನಿಂದ ಹೇಳ್ತಿದೀರಾ?"

"ಬಿಲ್ ನೋಡಿ, ಮೇಡಂ."

"ನನಗೂ ಅನುಮಾನ ಇತ್ತು. ಇದಾದ್ರೆ ಮುಂದೆ ಉಸಿರಾಟಕ್ಕೇ ತೊಂದರೆ ಆಗಬಹುದು. ಇಲ್ಲಿ ವೆಂಟಿಲೇಟರ್ ಖಾಲಿ ಇಲ್ಲ. ಈಗಲೇ ಮೈಸೂರಿಗೆ ಕಳಿಸ್ತೀನಿ." ನನಗೆ ಹೇಳುತ್ತಲೇ ಅವರು ಬೇರೆ ಯಾರಿಗೋ ಆಂಬುಲೆನ್ಸ್ ಎಂದು ಕೂಗುತ್ತಿದ್ದರು.

ಮಲ್ಲಣ್ಣ ಆಸ್ಪತ್ರೆ ಮುಟ್ಟಿದಾಗ ಆಂಬುಲೆನ್ಸ್ ಹೊರಟುಹೋಗಿತ್ತು. ನನಗೆ ಫೋನ್ ಮಾಡಿದರು. ನಾನೇ ಹೇಳಿದೆ, ತಲುಪಿಸಿದ್ದೇನೆ ಅಣ್ಣ, ಸರಿಯಾದ ಹೆಸರು ತಲುಪಿದೆ ಎಂದು. ಅವರು ಅಲ್ಲೇ ಗೇಟಿನ ಹತ್ತಿರ ಕೂತುಬಿಟ್ಟರಂತೆ. ಆಮೇಲೆ ಮೈಸೂರಿಗೆ ಬಸ್ ಹತ್ತಿದರಂತೆ. ಬೈಕನ್ನು ಆಸ್ಪತ್ರೆಯಲ್ಲೇ ಬಿಟ್ಟರಂತೆ.

ಮಾದೇವನ ಉಸಿರು ಮೈಸೂರು ಮುಟ್ಟಿದ ಮೇಲೆ ನಿಂತಿತು. ಯಂತ್ರ ಪಕ್ಕದಲ್ಲೇ ಇತ್ತು. ಅವನ ಬದಲು ಅದು ಉಸಿರಾಡಿತು. ಮೊನ್ನೆ ಅದನ್ನು ತೆಗೆದಿದ್ದಾರೆ. ಗಂಜಿ ಕುಡಿಯುತ್ತಿದ್ದಾನೆ, ಬದುಕಿದ್ದಾನೆ.

ಇಷ್ಟು ಬರೆದ ಮೇಲೆ ನಾನು ಏನು ಹೇಳಹೊರಟಿದ್ದೇನೆ ಎಂದು ನಿಮಗೆ ಗೊತ್ತಾಗಿರಬೇಕು. ಅಂಗಡಿಯವರಿಗೆ ಕಂಪ್ಯೂಟರ್ ಬಿಲ್ಲಿಂಗ್ ಹಾಕಿಸಿಕೊಳ್ಳಿ ಎಂದರೆ ನಮ್ಮಲ್ಲಿ ಏನನ್ನುತ್ತಾರೆ? ಕರೆಂಟ್ ಇರಲ್ಲ. ಕಲಿಯೋಕೆ ವಯಸ್ಸಾಯ್ತು. ಕಂಪ್ಯೂಟರ್ ಕೆಟ್ಟರೆ ಎಲ್ಲಾ ಹೋಯ್ತಲ್ಲ? (ಕಂಪ್ಯೂಟರಿಗೆ ಹಾಕಿದರೆ ಟ್ಯಾಕ್ಸ್‌ನವರಿಗೆ ಕಾಣುತ್ತೆ ಎಂಬುದು ಅಸಲಿ ಕಾರಣ. ಅದನ್ನು ಮಾತ್ರ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.)

ಕೆಡುತ್ತದೆ, ಒಪ್ಪಿದೆ. ಅದಕ್ಕೇ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡಬೇಕು. ಕಾಗದವೇನು ಚಿರಂಜೀವಿಯೇ? ನಮ್ಮ ಬೆಟ್ಟದ ಥಂಡಿಗೆ ಅದೂ ಬೂಷ್ಟು ಹಿಡಿಯುತ್ತದೆ. ಗೆದ್ದಲಿಗೆ ಅದು ಹಬ್ಬದೂಟ. ಇನ್ನು ಕರೆಂಟ್ ಮಾತು. ಮೊಬೈಲಿನಲ್ಲೇ ಬಿಲ್ ಹಾಕುವ ಆ್ಯಪ್‌ಗಳು ಬಂದು ಎಷ್ಟೋ ಕಾಲವಾಯಿತು. ಮೊಮ್ಮಗನ ಹುಟ್ಟುಹಬ್ಬದ ವಿಡಿಯೋ ಹುಡುಕಲು ಬರುವವರಿಗೆ ಗಿರಾಕಿಯ ಬಿಲ್ ಹುಡುಕಲು ಬರುವುದಿಲ್ಲವೇ?

ಮತ್ತೆ, ಇದು ಬರೀ ಔಷಧಿ ಅಂಗಡಿಯ ಮಾತಲ್ಲ. ಮೆಡಿಕಲ್ ಶಾಪಿದೆ. ಗ್ಯಾಸ್ ಏಜೆನ್ಸಿಯಿದೆ. ಮಕ್ಕಳನ್ನು ಕೂರಿಸಿಕೊಂಡು ಹೋಗುವ ವ್ಯಾನಿನವರಿದ್ದಾರೆ. ದಾಖಲೆ ಇಲ್ಲ ಎಂದು ಯಾರೂ ಹೇಳುವುದಿಲ್ಲ. ಇದೆ, ಎಲ್ಲೋ ಇದೆ ಎನ್ನುತ್ತಾರೆ. ಬೇಕಾದ ಹೊತ್ತಿಗೆ ಸಿಗದ ದಾಖಲೆ ಇದ್ದರೇನು, ಇಲ್ಲದಿದ್ದರೇನು?

ಮೈಸೂರಿನಿಂದ ಬಂದ ಮಾರನೇ ದಿನವೇ ಮಲ್ಲಣ್ಣ ಅಟ್ಟದ ಚೀಲಗಳನ್ನೆಲ್ಲ ನನ್ನ ಅಂಗಡಿಯ ಮುಂದೆ ತಂದು ಇಳಿಸಿದರು. "ಎಲ್ಲಾನೂ ಕಂಪ್ಯೂಟರ್‌ಗ ಹಾಕ್ಬುಡವ್ವ."

"ಇದೆಲ್ಲ ಆಗಕಿಲ್ಲ ಅಣ್ಣ. ಈ ವರ್ಷದ್ದು ಸ್ಕ್ಯಾನ್ ಮಾಡಿಡವ. ಇವತ್ತಿಂದ ಹೊಸ್ದು ನೀವೇ ಹಾಕಿ, ನಾನ್ ಏಳ್ಕೊಡ್ತಿನಿ."

ಈಗ ದಿನಾ ಸಂಜೆ ಒಂದು ಬೆರಳಿನಲ್ಲಿ ಟೈಪ್ ಮಾಡುತ್ತಾ ಕೂರುತ್ತಾರೆ. ಒತ್ತಕ್ಷರಕ್ಕೆ ಬೈಯುತ್ತಾರೆ. ಬೈದುಕೊಂಡೇ ಹಾಕುತ್ತಾರೆ.

ನಿನ್ನೆ ಮಲ್ಲಣ್ಣ ನನ್ನ ಅಂಗಡಿಯಲ್ಲಿದ್ದಾಗ ಸುಂದ್ರಮ್ಮ ಸಿದ್ದರಾಜನ ಫೋನಿನಿಂದ ವಿಡಿಯೋ ಕಾಲ್ ಮಾಡಿದ್ದಳು. ಆಸ್ಪತ್ರೆಯ ಮಂಚದ ಮೇಲೆ ಮಾದೇವ. ಕೆನ್ನೆ ಒಳಹೋಗಿದೆ, ದನಿ ಗೊಗ್ಗರು. ಮಲ್ಲಣ್ಣನನ್ನು ನೋಡಿ ಕೈ ಮುಗಿದ. "ನಿಮ್ ಬಿಲ್ಲಿಂದ ಉಳ್ಕಂಡಿ ಮಲ್ಲಣ್ಣ."

ಮಲ್ಲಣ್ಣ ನನ್ನ ಕಡೆ ನೋಡಿದರು. ನಡೆದದ್ದನ್ನು ಹೇಳಬೇಕಾದವಳು ನಾನಲ್ಲ.

"ಮಾದೇವ, ನಾನು ಮೊದ್ಲು ತಪ್ಪೆಸ್ರ ಏಳ್ಬುಟ್ಟಿದ್ದಿ ಕಣ್ಲಾ," ಎಂದರು ಅವರು. "ಮರ್ತೋಗಿತ್ತು. ನಿನ್ನ ಸಾಯ್ಸಬುಡ್ತಿದ್ದಿ."

ಮಾದೇವ ನಿಧಾನವಾಗಿ ಅಂದ: "ನಾನೇನ ಒಡೀತಿದ್ದಿ ಅನ್ನದು ನನ್ಗೇ ಗೊತ್ತಿತ್ತಿಲ್ಲ ಮಲ್ಲಣ್ಣ."

ಕೊಟ್ಟವರಿಗೆ ನೆನಪಿಲ್ಲ, ಹೊಡೆದವನಿಗೆ ಗೊತ್ತಿಲ್ಲ. ಹಾಗಾದರೆ ಆ ಡಾಕ್ಟರಮ್ಮ ಯಾರನ್ನು ಕೇಳಬೇಕಿತ್ತು?