ನಳಿಗೆಯಲ್ಲಿ ಉಳಿದ ಬಟ್ಟೆ

ಶರಣಪ್ಪ, ನಿನ್ನ ಬಂದೂಕು ಒಡೆದದ್ದು ನೀನು ತುಂಬಿದ ತೋಟಾದಿಂದಲ್ಲ. ಎಡಗಡೆಯ ನಳಿಗೆಯಲ್ಲಿ ನಾನು ತುರುಕಿದ್ದ ಬಟ್ಟೆ ಹಾಗೇ ಉಳಿದಿತ್ತು. ಅದನ್ನು ತೆಗೆಯಲು ಮರೆತವನು ನಾನು. ಮರೆತೆನೆಂದು ಗೊತ್ತಾದ ಮೇಲೂ, ತಪ್ಪು ನಿನ್ನದೇ ಎಂದು ಪೊಲೀಸರಿಗೆ ಬರೆದುಕೊಟ್ಟವನೂ ನಾನೇ.

ಹನ್ನೊಂದು ವರ್ಷ ಈ ನಾಲ್ಕು ಮಾತು ನನ್ನ ಗಂಟಲಿನಿಂದ ಕೆಳಗೂ ಇಳಿಯಲಿಲ್ಲ, ಮೇಲೂ ಬರಲಿಲ್ಲ. ಈಗ ಬರೆದುಬಿಟ್ಟೆ. ಬರೆದ ಕೂಡಲೇ ಮನಸ್ಸು ಹಗುರವಾಯಿತು ಎಂದು ಹೇಳಿದರೆ ಅದೂ ಸುಳ್ಳು. ಸುಳ್ಳಿನ ಬಾಬತ್ತಿನಲ್ಲಿ ನನ್ನ ಪಾಲು ಆಗಲೇ ಮುಗಿದಿದೆ. ನಿನಗೆ ಗೊತ್ತಿರುವ ಎಷ್ಟೋ ಸಂಗತಿಗಳನ್ನು ಇಲ್ಲಿ ಮತ್ತೆ ಬರೆಯುತ್ತೇನೆ — ಬೇಸರ ಮಾಡಿಕೊಳ್ಳಬೇಡ. ಇದನ್ನು ನೀನೊಬ್ಬನೇ ಓದಿದರೆ ಸಾಲದು. ನಿನ್ನ ಹೆಂಡತಿ ನೀಲವ್ವ ಓದಬೇಕು, ಮಗಳು ರೇಣುಕಾ ಓದಬೇಕು, ನಿನ್ನ ಬೆನ್ನ ಹಿಂದೆ ನಿನ್ನನ್ನು ಹೊಣೆಗೇಡಿ ಎಂದ ಪ್ರತಿಯೊಬ್ಬನೂ ಓದಬೇಕು.

ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ನಾನು ಬಂದೂಕು ದುರಸ್ತಿ ಮಾಡಿದವನು. ನಿವೃತ್ತನಾಗಿ ನನ್ನ ಊರು ಭಾಗ್ಯನಗರಕ್ಕೆ ಬಂದು ಕೂತರೆ ಕೈ ಸುಮ್ಮನಿರಲಿಲ್ಲ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಂದು ಕೆಲಸದ ಮೇಜು ಕಟ್ಟಿಕೊಂಡೆ. ಪಕ್ಕದ ಓಣಿಯ ನೇಕಾರರೊಬ್ಬರು ಹಳೆಯ ಕೈಮಗ್ಗ ಬಿಚ್ಚಿ ಮಾರುತ್ತಿದ್ದರು. ಅದರ ಕಂಬಗಳೇ ಮೇಜಿನ ಕಾಲುಗಳಾದವು. ಎತ್ತರ ಸರಿಯಾಗಿ ನನ್ನ ಮೊಣಕೈ ಮಟ್ಟಕ್ಕೆ. ಮೇಲೆ ಹಳೆಯ ಜಮಖಾನೆ ಬಿಗಿದು ಮೊಳೆ ಹೊಡೆದೆ — ಸಣ್ಣ ತಿರುಪು ಬಿದ್ದರೂ ಉರುಳಿಹೋಗಬಾರದು, ನಳಿಗೆಗೆ ಗೀರು ಬೀಳಬಾರದು. ಬಂದೂಕು ಮಲಗಿಸಲು ಎರಡು ಹಲಗೆಗೆ ಕಚ್ಚು ಹಾಕಿ ಚರ್ಮ ಅಂಟಿಸಿದೆ. ನಳಿಗೆಯೊಳಗೆ ತೂರಿಸುವ ಉದ್ದನೆಯ ಗಜ, ಹಿತ್ತಾಳೆಯ ಬ್ರಷ್ಷು, ಎಣ್ಣೆ ಡಬ್ಬಿ, ಬಿಚ್ಚಿದ ಭಾಗಗಳನ್ನು ಬಿಚ್ಚಿದ ಸಾಲಿನಲ್ಲೇ ಇಡಲು ಒಂದು ಊಟದ ತಾಟು, ಒರೆಸಲು ನನ್ನ ಹೆಂಡತಿಯ ಹಳೆಯ ನೂಲಿನ ಸೀರೆ ಹರಿದು ಮಾಡಿದ ತುಂಡುಗಳು. ತೋಟಾ ಮಾತ್ರ ಒಳಗೆ ಬರಕೂಡದು. ಹೊರಗಿನ ಕಟ್ಟೆಯ ಪೆಟ್ಟಿಗೆಯಲ್ಲಿ ಇಟ್ಟೇ ಬರಬೇಕು. ಮೇಜಿನ ಎದುರು ಪೂರ್ವಕ್ಕೊಂದು ಕಿಟಕಿ. ಕೆಲಸ ಮುಗಿದ ಮೇಲೆ ನಳಿಗೆಯನ್ನು ಆ ಕಿಟಕಿಯ ಕಡೆ ಹಿಡಿದರೆ ಈ ತುದಿಯಿಂದ ಆ ತುದಿಗೆ ಬೆಳಕು ಕಾಣಬೇಕು. ಕೊಟ್ಟವನೂ ನೋಡಬೇಕು, ತೆಗೆದುಕೊಂಡವನೂ ನೋಡಬೇಕು. ಸೈನ್ಯದಲ್ಲಿ ಮೊದಲನೆಯ ವಾರ ಕಲಿಸುವ ಪಾಠ ಇದು.

ಬರುವವರು ಬಂದರು. ಬ್ಯಾಂಕಿನ ಕಾವಲುಗಾರರು, ಕಾಲುವೆ ಕಡೆಯ ಜಮೀನುದಾರರು, ಕರಡಿ-ಹಂದಿಗಳ ಕಾಟಕ್ಕೆ ಲೈಸೆನ್ಸು ಪಡೆದ ತೋಟದವರು. ಎಲ್ಲರೂ ನನ್ನನ್ನು ಉಸ್ತಾದ್ ಎಂದರು. ದುರಸ್ತಿ ಮಾಡಲು ಸರ್ಕಾರದ ಪರವಾನಗಿ ಬೇಕು, ನನಗಿರಲಿಲ್ಲ. ಶುಚಿ ಮಾಡಿಕೊಡುತ್ತೇನೆ ಅಷ್ಟೇ ಎನ್ನುತ್ತಿದ್ದೆ. ಅಷ್ಟೇ ಎನ್ನುತ್ತಲೇ ಸ್ಪ್ರಿಂಗು ಬದಲಿಸುತ್ತಿದ್ದೆ, ಗುಂಡು ಹಾರಿಸುವ ಕೀಲು, ಅಂದರೆ ಕುದುರೆ, ಸಡಿಲಾಗಿದ್ದರೆ ಬಿಗಿ ಮಾಡುತ್ತಿದ್ದೆ. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ನೀನು ಮೊದಲ ಸಲ ಬಂದದ್ದು ನೆನಪಿದೆಯೇ? ನನ್ನ ಹಾಗೆ ನೀನೂ ಸೈನ್ಯದಿಂದ ಬಂದವನು, ಕುಷ್ಟಗಿಯ ಬ್ಯಾಂಕೊಂದರಲ್ಲಿ ಕಾವಲಿಗಿದ್ದೆ, ಜೋಡು ನಳಿಗೆಯ ಬಂದೂಕು ನಿನ್ನ ಸ್ವಂತದ್ದು. ನಾನು ಶುಚಿ ಮಾಡಿ ಕೊಟ್ಟೆ. ನೀನು ಕಲಿತಂತೆ ಮಾಡಿದೆ — ನಳಿಗೆ ಬಾಗಿಸಿ ಕಿಟಕಿಯ ಕಡೆ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿದೆ. ಶಾಬಾಸ್ ಅನ್ನಬೇಕಿತ್ತು ನಾನು. ಆದರೆ ಶೆಡ್ಡಿನಲ್ಲಿ ಇನ್ನೂ ನಾಲ್ಕು ಜನ ಕೂತಿದ್ದರು.

"ಏನಲೇ, ನನ್ನ ಕೆಲಸ ಪರೀಕ್ಷಾ ಮಾಡಾಕತ್ತೀಯೇನು? ನಂಬಿಗಿ ಇಲ್ಲಂದ್ರ ಬ್ಯಾರೆ ಕಡೆ ಒಯ್ಯಿ" ಎಂದುಬಿಟ್ಟೆ.

ಕೂತವರು ನಕ್ಕರು. ನಿನ್ನ ಮುಖ ಸಣ್ಣದಾಯಿತು. "ತಪ್ಪಾತ್ರಿ ಉಸ್ತಾದ್ರ" ಎಂದು ಬಂದೂಕು ಕೆಳಗಿಳಿಸಿದೆ. ಅಂದಿನಿಂದ ನೀನಷ್ಟೇ ಅಲ್ಲ, ಯಾರೂ ನೋಡಲಿಲ್ಲ. ಉಸ್ತಾದರ ಎದುರು ನಳಿಗೆ ಎತ್ತಿ ನೋಡುವುದೆಂದರೆ ಅವರಿಗೆ ಅವಮಾನ ಮಾಡಿದಂತೆ ಎಂಬುದು ನನ್ನ ಅಂಗಳದ ರಿವಾಜಾಯಿತು. ನನಗೆ ಅದು ಗೌರವವೆನಿಸಿತು — ಎಂಥ ಗೌರವ! ತಿಳಿದ ಸಿಪಾಯಿಗಳನ್ನು ಕುರುಡರನ್ನಾಗಿ ಮಾಡಿ ಅದರ ಮೇಲೆ ಕೂತು ಮೀಸೆ ತಿರುವಿದೆ.

ಆ ವರ್ಷ ಚುನಾವಣೆ ಬಂತು. ಪ್ರತಿ ಸಲದಂತೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ಬಿಡಿಸಿಕೊಳ್ಳಬೇಕು. ಎರಡು ತಿಂಗಳು ಕೋಣೆಯಲ್ಲಿ ಬಿದ್ದ ನಳಿಗೆಗೆ ತುಕ್ಕು ಹಿಡಿಯುತ್ತದೆ, ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಅದಕ್ಕೆ ನಾನೊಂದು ಉಪಾಯ ಮಾಡಿದ್ದೆ. ಒಪ್ಪಿಸುವ ಮೊದಲು ಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನು ಎರಡೂ ನಳಿಗೆಗಳಲ್ಲಿ ಗಜದಿಂದ ಒಳಕ್ಕೆ ತಳ್ಳಿ, ಒಳಗೆ ಬಟ್ಟೆ ಇದೆ ಎಂಬ ಗುರುತಿಗೆ ಕುದುರೆಗೆ ಕೆಂಪು ದಾರ ಕಟ್ಟಿ ಕಳಿಸುತ್ತಿದ್ದೆ. ವಾಪಸು ಬಂದಾಗ ಬಟ್ಟೆ ತೆಗೆಯಬೇಕು, ಆಮೇಲೆ ದಾರ ಕತ್ತರಿಸಬೇಕು. ಒಂದು ಕೂಸಿಗೂ ಬರುವ ಕೆಲಸ.

ನೀನು ಬಿಡಿಸಿಕೊಂಡು ಬಂದ ದಿನ ಗಂಗಾವತಿ ಕಡೆಯ ದೊಡ್ಡ ಜಮೀನುದಾರರೊಬ್ಬರು ಬಂದಿದ್ದರು. ನಿಜಾಮರ ಕಾಲದ ಬಂದೂಕು ಅವರದು, ಹಿಡಿಕೆಗೆ ಬೆಳ್ಳಿಯ ಕೆಲಸ. ಅವರು ನನ್ನ ಮೇಜನ್ನು ಮುಟ್ಟಿ ಮುಟ್ಟಿ ನೋಡಿದರು. "ಭಾಳ ಛಲೋ ಮಾಡೀರಿ, ಇದು ಯಾವ ಕಟ್ಟಿಗಿ?" ಎಂದರು. ನಿನ್ನ ಬಂದೂಕು ಆಗ ಮೇಜಿನ ಮೇಲಿತ್ತು. ಬಲಗಡೆಯ ನಳಿಗೆಯ ಬಟ್ಟೆ ಹೊರಗೆ ಬಂದಿತ್ತು. ಎಡಗಡೆಯದು — ನಾನು ಗಜ ಕೆಳಗಿಟ್ಟೆ. ಮಗ್ಗದ ಕಥೆ ಹೇಳಿದೆ, ಜಮಖಾನೆಯ ಕಥೆ ಹೇಳಿದೆ, ಕಚ್ಚಿನ ಹಲಗೆಯನ್ನು ಎತ್ತಿ ತೋರಿಸಿದೆ. ಹೊಗಳಿಸಿಕೊಂಡು ಹಿಗ್ಗಿ ಹೀರೇಕಾಯಿಯಾಗಿ ತಿರುಗಿ ಬಂದವನು ಕತ್ತರಿ ಎತ್ತಿಕೊಂಡು ದಾರ ಕತ್ತರಿಸಿದೆ. "ಆತು, ಒಯ್ಯಿ" ಎಂದೆ.

ನೀನು ಬಂದೂಕು ಹೆಗಲಿಗೆ ಹಾಕಿದೆ. ಆ ಜಮೀನುದಾರರೇ ಕೇಳಿದರು, "ಒಮ್ಮೆ ನೋಡಂಗಿಲ್ಲೇನಪಾ?"

"ಉಸ್ತಾದ್ರು ನೋಡ್ಯಾರಂದ್ರ ಮುಗೀತ್ರಿ. ನಾ ಏನ್ ನೋಡೂದೈತಿ?"

ಈ ಮಾತು ಕೇಳಿ ನಾನು ನಕ್ಕೆ. ಖುಷಿಯಿಂದ.

ಐದನೆಯ ದಿನ ಹನುಮಸಾಗರದ ನಿನ್ನ ಹೊಲಕ್ಕೆ ಬೆಳಗಿನ ಮಸುಕಿನಲ್ಲಿ ಹಂದಿಗಳು ನುಗ್ಗಿದವು. ಹೆದರಿಸಿ ಓಡಿಸಲೆಂದು ನೀನು ಆಕಾಶಕ್ಕೆ ಗುಂಡು ಹಾರಿಸಿದೆ. ಎಡಗಡೆಯ ನಳಿಗೆ ನಡುವೆಯೇ ಬಿರಿಯಿತು, ನಿನ್ನ ಎಡಗೈ ಹಿಡಿದ ಜಾಗದಲ್ಲೇ. ಎರಡು ಬೆರಳು ಹೋದವು. ಉಳಿದ ಮೂರು ಮಡಚುವುದಿಲ್ಲ.

ಒಡೆದ ಬಂದೂಕನ್ನು ಪೊಲೀಸರೇ ನನ್ನ ಶೆಡ್ಡಿಗೆ ತಂದರು. ಬಲ್ಲವರು ನೀವು, ಏನಾಗಿದೆ ನೋಡಿ ಬರೆದುಕೊಡಿ ಎಂದರು. ಜೊತೆಗೆ ಬಂದವನು ಹೊರಗೆ ಚಹಾ ಕುಡಿಯುತ್ತಿದ್ದ. ನಾನು ಹರಿದ ಕಬ್ಬಿಣದ ಅಂಚನ್ನು ಕಿಟಕಿಗೆ ಹಿಡಿದೆ. ಸುಟ್ಟ ಬಟ್ಟೆಯ ಒಂದು ಚೂರು ಅಲ್ಲಿ ಕಚ್ಚಿಕೊಂಡಿತ್ತು — ಹೆಬ್ಬೆರಳಿನಷ್ಟು. ಒಂದು ಬದಿಗೆ ಹಸಿರು ದಡಿಯ ಎರಡು ಎಳೆ. ನನ್ನ ಮನೆಯ ಸೀರೆಯನ್ನು ನಾನು ಗುರುತಿಸದೆ ಇರುತ್ತೇನೆಯೇ?

ಆ ಕ್ಷಣಕ್ಕೆ ನಿನ್ನ ಕೈ ನೆನಪಾಗಲಿಲ್ಲ, ಶರಣಪ್ಪ. ಅದನ್ನೂ ಹೇಳಿಬಿಡುತ್ತೇನೆ. ನೆನಪಾದದ್ದು ನನ್ನ ಪರವಾನಗಿ ಇಲ್ಲದ ಮೇಜು, ನನ್ನ ಪಿಂಚಣಿ, ಉಸ್ತಾದ್ ಎಂಬ ಹೆಸರು. ಚಿಮಟಿಯಿಂದ ಆ ಚೂರು ಕಿತ್ತೆ. ಅಡುಗೆಮನೆಗೆ ಹೋಗಿ ಒಲೆಗೆ ಹಾಕಿದೆ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ನೋಡಿದಳು. ಅವಳು ಸಾಯುವವರೆಗೂ ಒಂದು ಹಳೆಯ ಸೀರೆಯನ್ನೂ ಮತ್ತೆ ನನ್ನ ಶೆಡ್ಡಿಗೆ ಕೊಡಲಿಲ್ಲ.

ಇನ್ನು ಬರೆದುಕೊಟ್ಟದ್ದು. ಸುಳ್ಳಿಗೆ ಬೇಕಾದ ಸಾಮಾನನ್ನು ನೀನೇ ಕೊಟ್ಟಿದ್ದೆ. ಹಿಂದೊಮ್ಮೆ ನೀನು ಚಹಾ ಕುಡಿಯುತ್ತ, ಮಳೆಗಾಲದಲ್ಲಿ ತೋಟಾ ತಂಪು ಹಿಡಿದರೆ ಮಾಳಿಗೆಯ ಮೇಲೆ ಬಿಸಿಲಿಗೆ ಒಣಗಿಸುತ್ತೇನೆ ಎಂದಿದ್ದೆ. ನಮ್ಮ ಕಡೆ ಎಲ್ಲರೂ ಮಾಡುವುದೇ. ಆಗ ನಾನು ಬೇಡವೆಂದೂ ಹೇಳಿರಲಿಲ್ಲ. ಆ ಮಾತನ್ನೇ ಎತ್ತಿಕೊಂಡು ಚೆಂದದ ಅಕ್ಷರದಲ್ಲಿ ಬರೆದೆ: ಹಸಿಯಾದ ಹಳೆಯ ತೋಟಾವನ್ನು ಬಿಸಿಲಿಗೆ ಒಣಗಿಸಿ ಬಳಸಿದ್ದರಿಂದ ನಳಿಗೆ ಒಡೆದಿರುತ್ತದೆ, ಇದು ಬಂದೂಕಿನ ಮಾಲೀಕನ ನಿರ್ಲಕ್ಷ್ಯ. ನಿರ್ಲಕ್ಷ್ಯ ಎಂಬ ಶಬ್ದದ ಕೆಳಗೆ ಗೆರೆ ಎಳೆದೆ. ಯಾರೂ ಎಳೆಯಲು ಹೇಳಿರಲಿಲ್ಲ.

ಲೈಸೆನ್ಸು ಹೋಯಿತು. ಲೈಸೆನ್ಸಿನ ಜೊತೆ ಬ್ಯಾಂಕಿನ ಕೆಲಸವೂ ಹೋಯಿತು. ಹದಿನೇಳು ವರ್ಷ ಸಿಪಾಯಿಯಾಗಿದ್ದವನು ಗಂಗಾವತಿಯ ಅಕ್ಕಿ ಗಿರಣಿಯೊಂದರ ಗೇಟಿನಲ್ಲಿ ಕೂತು ಲಾರಿಗಳಿಗೆ ಚೀಟಿ ಬರೆಯುವಂತಾಯಿತು. ಇಷ್ಟೇ ಆಗಿದ್ದರೆ — ಇಷ್ಟೇ ಎನ್ನುತ್ತಿದ್ದೇನೆ ನೋಡು, ನನ್ನ ನಾಲಿಗೆಗೆ ಇನ್ನೂ ನಾಚಿಕೆ ಬಂದಿಲ್ಲ.

ಒಂದು ತಿಂಗಳಿಗೆ, ಕೈಗೆ ಪಟ್ಟಿ ಇರುವಾಗಲೇ, ನೀನು ಭಾಗ್ಯನಗರಕ್ಕೆ ಬಂದೆ. ಜಗಳಕ್ಕೆ ಬಂದೆ ಎಂದುಕೊಂಡು ನಾನು ಶೆಡ್ಡಿನೊಳಗೆ ಸರಿದೆ. ನೀನು ಬಾಗಿಲಲ್ಲೇ ನಿಂತು, "ನಂದ ತಪ್ಪ್ರಿ ಉಸ್ತಾದ್ರ. ನೀವು ಅಷ್ಟು ಛಲೋ ಮಾಡಿ ಕೊಟ್ಟಿದ್ರಿ, ನಾ ಕೆಡಿಸಿಕೊಂಡೆ. ನಿಮ್ಮ ಹೆಸರಿಗೂ ಮಸಿ ಹಚ್ಚಿದೆ" ಎಂದೆ. ಬಾಗಿ ನನ್ನ ಕಾಲು ಮುಟ್ಟಲು ಬಂದೆ. ನಾನು ಹೇಳಬಹುದಿತ್ತು. ಶೆಡ್ಡಿನಲ್ಲಿ ಇಬ್ಬರೇ ಇದ್ದೆವು. ನಾನು ಏನು ಹೇಳಿದೆ ಗೊತ್ತಲ್ಲ? "ಇರ್ಲಿ ಬಿಡು. ಇನ್ನ ಮುಂದ ಹುಷಾರಿರು" ಎಂದೆ.

ನೀನು ಹುಷಾರಾದೆ. ಎಷ್ಟೆಂದರೆ, ನೀಲವ್ವ ಹೇಳುತ್ತಾಳೆ, ಮನೆಯಲ್ಲಿ ಗ್ಯಾಸು ಹಚ್ಚುವುದಿಲ್ಲವಂತೆ. ಹೊಲದ ಮೋಟಾರಿನ ಬಟನ್ನು ಒತ್ತಲು ಪಕ್ಕದ ಹೊಲದವರನ್ನು ಕರೆಯುತ್ತೀಯಂತೆ. ಬಾಗಿಲಿಗೆ ಕೀಲಿ ಹಾಕಿ ಮೂರು ಸಲ ತಿರುಗಿ ಬಂದು ಜಗ್ಗುತ್ತೀಯಂತೆ. ಅವಳು ನಗುತ್ತ ಹೇಳಿದಳು, ಆಮೇಲೆ ನಗಲಿಲ್ಲ. "ಒಂದು ತಪ್ಪು ಮಾಡಿ ಮನಿಷ್ಯಾ ಅರ್ಧಾ ಆಗ್ಯಾನ ನೋಡ್ರಿ" ಎಂದಳು. ನಾನು ಹೌದೆಂದು ತಲೆಯಾಡಿಸಿದೆ.

ಹೋದ ತಿಂಗಳು ಹೇಮಗುಡ್ಡದ ಗುಡಿಯಲ್ಲಿ ರೇಣುಕಾಳ ಕೂಸಿಗೆ ಜವಳ ತೆಗೆಸಿದಿರಿ, ನನ್ನನ್ನೂ ಕರೆದಿದ್ದಿರಿ. ಕೂಸನ್ನು ಅಜ್ಜನ ತೊಡೆಯ ಮೇಲೆ ಕೂಡಿಸಿ ಮೊದಲ ಕೂದಲು ತೆಗೆಸಬೇಕೆಂದು ಅವಳ ಆಸೆ. ಕ್ಷೌರಿಕ ಕತ್ತಿ ಮಸೆದು ಕಾಯುತ್ತಿದ್ದ. ನೀನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡೆ.

"ಬ್ಯಾಡವ್ವ. ನನ್ನ ಕೈ ಮ್ಯಾಲ ನನಗ ಭರೋಸಾ ಇಲ್ಲ. ಕೂಸು ಅಲುಗಾಡಿದ್ರ ಏನ್ ಮಾಡ್ಲಿ? ಉಸ್ತಾದ್ರ ತೊಡಿ ಮ್ಯಾಲ ಕೂಡಿಸು. ಅವ್ರು ಎಂದೂ ತಪ್ಪು ಮಾಡಿದವ್ರಲ್ಲ."

ಕೂಸನ್ನು ನನ್ನ ತೊಡೆಯ ಮೇಲೆ ಕೂಡಿಸಿದರು. ನಾನು ಬೇಡ ಎನ್ನಲಿಲ್ಲ, ಶರಣಪ್ಪ. ಅಷ್ಟು ಜನರ ಎದುರು ಏನೆಂದು ಬೇಡ ಎನ್ನಲಿ ಎಂದು ಯೋಚಿಸುವಷ್ಟರಲ್ಲಿ ಅದರ ತಲೆ ನನ್ನ ಅಂಗೈಯಲ್ಲಿತ್ತು. ಅದು ಅತ್ತಿತು. ನೀನು ದೂರ ನಿಂತು ಬಾಯಿಂದ ಚುಚ್ಚುಚ್ಚು ಎಂದು ಸಮಾಧಾನ ಮಾಡಿದೆ. ನಿನ್ನ ಮನೆಯ ಕೂಸು, ನಿನ್ನ ಜಾಗ. ನಿನ್ನ ಬೆರಳು ತೆಗೆದದ್ದು ಒಂದು ಮರೆವು. ಈ ಜಾಗ ತೆಗೆದದ್ದು ಮರೆವಲ್ಲ. ಅದನ್ನು ನಾನು ಕಾಗದದಲ್ಲಿ ಬರೆದು, ಸಹಿ ಹಾಕಿ ತೆಗೆದೆ.

ಈ ಸೋಮವಾರ ಠಾಣೆಗೆ ಹೋಗಿ ನಡೆದದ್ದನ್ನೆಲ್ಲ ಬರೆದುಕೊಟ್ಟೆ. ಪರವಾನಗಿ ಇಲ್ಲದ ದುರಸ್ತಿಯನ್ನೂ ಬರೆದೆ. ಅಲ್ಲಿದ್ದ ಎಳೆಯ ಅಧಿಕಾರಿ ಓದಿ, "ಈಗ್ಯಾಕ್ರಿ ಅಜ್ಜಾರ? ಯಾರೂ ಕೇಳಿಲ್ಲಲ್ಲ" ಎಂದರು. ಯಾರೂ ಕೇಳಲಿಲ್ಲ, ನಿಜ. ಅದನ್ನೇ ಇಷ್ಟು ವರ್ಷ ನೆಪ ಮಾಡಿಕೊಂಡಿದ್ದೆ. ಸ್ವೀಕರಿಸಿದ್ದಕ್ಕೆ ಠಾಣೆಯ ಸಿಕ್ಕೆ ಹಾಕಿಸಿಕೊಂಡು ಬಂದೆ. ನನ್ನ ಮೇಲೆ ಏನು ಕ್ರಮ ಕೈಗೊಳ್ಳುತ್ತಾರೋ ಕೈಗೊಳ್ಳಲಿ. ಹೋದ ಲೈಸೆನ್ಸು ಅದರಿಂದ ಬರುತ್ತದೆಂದು ಸುಳ್ಳು ಆಸೆ ಹಚ್ಚುವುದಿಲ್ಲ. ಬೆರಳಂತೂ ಬರುವುದಿಲ್ಲ.

ಭಾನುವಾರ ಗಿರಣಿಗೆ ರಜೆ, ನೀನು ಹನುಮಸಾಗರದಲ್ಲಿರುತ್ತೀಯ. ಅಂದು ಬರುತ್ತೇನೆ. ನೀಲವ್ವನನ್ನೂ ರೇಣುಕಾಳನ್ನೂ ಕೂಡಿಸಿ ಈ ಕಾಗದವನ್ನು ನಾನೇ ಗಟ್ಟಿಯಾಗಿ ಓದುತ್ತೇನೆ. ನಿನಗೆ ಸಿಟ್ಟು ಬಂದೀತೆಂಬ ಹೆದರಿಕೆ ನನಗಿಲ್ಲ. ಬರಲಿಕ್ಕಿಲ್ಲ ಎಂಬುದೇ ಹೆದರಿಕೆ. ಓದಿ ಮುಗಿಸಿದ ಮೇಲೆ ಒಳಗೆ ಕರೆಯಬೇಡ, ಚಹಾ ಮಾಡಿಸಬೇಡ. ನನ್ನನ್ನು ಸಮಾಧಾನ ಮಾಡುವ ಕೆಲಸವನ್ನೂ ನಿನ್ನ ತಲೆಗೆ ಕಟ್ಟಿದರೆ ನನ್ನಂಥ ನೀಚ ಇನ್ನೊಬ್ಬನಿಲ್ಲ. ಕ್ಷಮಿಸು ಎಂದೂ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ.

ಒಂದೇ ಮಾತು. ನಿನ್ನ ಕೈ ಎಂದೂ ತಪ್ಪಿರಲಿಲ್ಲ. ಅಂದು ಬೆಳಿಗ್ಗೆ ಹೊಲದಲ್ಲಿಯೂ ತಪ್ಪಿರಲಿಲ್ಲ. ನಾನು ಬಸ್ಸು ಹತ್ತಿ ಹೋದ ಮೇಲೆ ಆ ಕೂಸನ್ನು ಎತ್ತಿ ತೊಡೆಯ ಮೇಲೆ ಕೂಡಿಸಿಕೋ. ನಾನು ಹೋದ ಮೇಲೆಯೇ — ಅದನ್ನು ನೋಡುವ ಹಕ್ಕು ನನಗಿಲ್ಲ.