ಹಾಗಲ ಬೀಜ ಕೊಟ್ಟ ಅಜ್ಜಿ

ನಾವು ಶಿಡ್ಲಘಟ್ಟದಲ್ಲಿದ್ದಾಗ ನಮ್ಮ ಯಜಮಾನರ ಸಕ್ಕರೆ ಕಾಯಿಲೆಗೆ ಪಕ್ಕದ ಮನೆಯ ಅಜ್ಜಿ ಹಾಗಲ ಬೀಜದ ಪುಡಿ ಕೊಡುತ್ತಿದ್ದರು. ಪ್ರತಿ ಸಲವೂ ತಾವೇ ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು, ಮುಖ ಕಿವುಚಿ, "ಉಂಡ ಮೇಲೇ ಕೊಡಮ್ಮ" ಎನ್ನುತ್ತಿದ್ದರು.

ಒಂದು ಏಕಾದಶಿಯ ಉಪವಾಸದಲ್ಲೂ ನಾನು ತಪ್ಪದೆ ಪುಡಿ ಕೊಟ್ಟುಬಿಟ್ಟೆ. ಯಜಮಾನರು ಬೆವೆತು, ನಡುಗಿ, ತೊದಲತೊಡಗಿದರು. ನನ್ನ ಕೂಗಿಗೆ ಓಡಿಬಂದ ಅಜ್ಜಿ ಅವರ ಬಾಯಿಗೆ ಬೆಲ್ಲವಿಟ್ಟರು.

"ಅಜ್ಜೀ, ಉಪವಾಸ!"

"ಬರಿ ಹೊಟ್ಟೆಗೆ ಕೊಟ್ಟು ಸಕ್ಕರೆ ಪೂರಾ ಇಳಿಸಿದ್ದೀಯ. ಉಪವಾಸ ಮುಂದಿನ ಏಕಾದಶಿಗೂ ಮಾಡ್ಬೋದು ಕಣಮ್ಮ, ಗಂಡ ಇರ್ಬೇಕಲ್ಲ!"

ದೇವರ ದಯೆ, ಸ್ವಲ್ಪ ಹೊತ್ತಿಗೆ ಅವರು ನೀರು ಕೇಳಿದರು. ಅಜ್ಜಿ ಉಳಿದ ಪುಡಿಯನ್ನು ಸೆರಗಿಗೆ ಕಟ್ಟಿಕೊಂಡರು.

"ಎಷ್ಟು ಕೊಟ್ರೆ ಜಾಸ್ತಿ ಅಂತ ನಂಗೂ ಗೊತ್ತಿಲ್ಲಮ್ಮ. ನಾಳೆ ಚಿಕ್ಕಬಳ್ಳಾಪುರದ ಡಾಕ್ಟರ ಹತ್ರ ಹೋಗಣ. ಬೈಸ್ಕೊಳ್ಳೋಕೆ ನಾನೂ ಬರ್ತೀನಿ."